ಮೊಹರು ಬಿದ್ದ ಹಸಿರು ಚಾ

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಉಡುಪಿಯಲ್ಲಿ ಆಹಾರ ಇನ್‌ಸ್ಪೆಕ್ಟರ್ ಆಗಿದ್ದೆ. ಈ ಕೆಲಸದಲ್ಲಿ ಕಲಬೆರಕೆ ಮಾಡುವವರಿಂದ ತೊಂದರೆ ಕಡಿಮೆ. ಸಹಕಾರ ಕೊಡುವವರಿಂದಲೇ ಹೆಚ್ಚು, ಅದೂ ದಿನಾ.

ಒದ್ದೆ ಕಾಗದ

ಶಿರ್ವದ ನಿವೃತ್ತ ಮಾಸ್ತರರೊಬ್ಬರು ಬಂದು ಮೇಜಿನ ಮೇಲೆ ಒಂದು ಪೊಟ್ಟಣ ಬಿಚ್ಚಿದರು. ಒಳಗೆ ಅವರ ಹಲ್ಲಿನ ಸೆಟ್ಟು, ಹಸಿರು ಬಣ್ಣದ್ದು.

"ಕಾಪುವಿನಲ್ಲಿ ಹಸಿರು ಚಾ ತೆಗೆದುಕೊಂಡೆ. ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ" ಎಂದರು.

ಗಲ್ಫಿನಿಂದ ಬಂದವರು ಕೇಳುತ್ತಾರೆಂದು ಅಲ್ಲಿನ ಅಂಗಡಿಯವರೊಬ್ಬರು ಆ ಚಾ ತರಿಸುತ್ತಿದ್ದರು. ನಾನು ಕಾಪುವಿಗೆ ಹೋಗಿ, ಆ ಅಂಗಡಿಯವರ ಎದುರೇ ಒದ್ದೆ ಕಾಗದದ ಮೇಲೆ ನಾಲ್ಕು ಎಲೆ ಹರಡಿದೆ. ಕ್ಷಣದಲ್ಲಿ ಗಿಳಿಹಸಿರು.

"ನೋಡಿ, ಬಣ್ಣ ಬಿಡುತ್ತಾ ಉಂಟು."

ಅವರು ಶಾಂತವಾಗಿ ಹೇಳಿದರು: "ಹಸಿರು ಚಾ ಮತ್ತೆಂತ ಕೆಂಪು ಬಿಡುತ್ತದಾ ಮಾರಾಯ್ರೆ?"

ಕಾರ್ಕಳದ ಬಸ್ಸು

ಸರಕು ಕಾರ್ಕಳದ ಸಗಟು ವ್ಯಾಪಾರಿಯದ್ದು ಎಂದು ತಿಳಿಯಿತು. ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಕಾರ್ಕಳದಲ್ಲಿ ಕಂಡಕ್ಟರ್ ಬಹಳ ಗೌರವದಿಂದ ಇಡೀ ಪೇಟೆಗೆ ಕೇಳುವಂತೆ ಕೂಗಿದ: "ದಾರಿ ಬಿಡಿ, ಚಾ ಹಿಡಿಯುವ ಇನ್‌ಸ್ಪೆಕ್ಟರ್ ಇಳಿಯಲಿ."

ನಾನು ಮುಟ್ಟುವಾಗ ಸಗಟು ಅಂಗಡಿಯಲ್ಲಿ ಬೆಲ್ಲ ಮಾತ್ರ ಇತ್ತು. ಅದನ್ನು ನೀರಿನೊಂದಿಗೆ ನನಗೇ ಕೊಟ್ಟರು.

ಸಾಕ್ಷಿ

ಉಳಿದದ್ದು ಕಾಪುವಿನ ಸರಕು. ಒದ್ದೆ ಕಾಗದ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಸಾಕ್ಷಿಯ ಎದುರು ಮಾದರಿ ತೆಗೆಯಬೇಕು, ಪ್ರಯೋಗಾಲಯದ ವರದಿ ಬಂದರೆ ಮಾತ್ರ ಮಾರಾಟ ನಿಲ್ಲಿಸಬಹುದು. ಅಲ್ಲಿಯವರೆಗೆ ಜನ ಬಣ್ಣ ಕುಡಿಯುತ್ತಲೇ ಇರಬೇಕು.

ದಾರಿಹೋಕರೊಬ್ಬರನ್ನು ಕೇಳಿದೆ. "ಅದು ನನ್ನ ಭಾವನ ಅಂಗಡಿ." ಇನ್ನೊಬ್ಬರು, "ಸಹಿ ಹಾಕುವುದಕ್ಕೆ ತೊಂದರೆ ಇಲ್ಲ, ನಾಳೆ ಸಾಮಾನು ಎಲ್ಲಿಂದ ತರುವುದು?" ಎಂದರು. ಒಂದು ಗಂಟೆ ಬಿಸಿಲಿನಲ್ಲಿ ನಿಂತೆ.

ಕೊನೆಗೆ ಅಂಗಡಿಯವರೇ ಮರುಗಿ, ಭಾವನ ಅಂಗಡಿ ಎಂದವರನ್ನೇ ಕರೆದರು. "ಪಾಪ, ಸರಕಾರದವರು. ಒಂದು ಸಹಿ ಹಾಕು ಮಾರಾಯ."

ಆರೋಪಿ ಒದಗಿಸಿದ ಸಾಕ್ಷಿ ನನ್ನ ಸೇವಾವಧಿಯಲ್ಲಿ ಅದೊಂದೇ.

ಮೂರನೆಯ ಬಾಟಲಿ

ಆಗಿನ ಕಾನೂನಿನಂತೆ ಮಾದರಿಯನ್ನು ಮೂರು ಬಾಟಲಿಗೆ ತುಂಬಿ ಅರಗಿನ ಮೊಹರು ಹಾಕಿ, ನನ್ನ ಸಹಿಯ ಚೀಟಿ ಅಂಟಿಸಬೇಕು. ಒಂದು ಪ್ರಯೋಗಾಲಯಕ್ಕೆ, ಒಂದು ನನಗೆ, ಒಂದು ಅಂಗಡಿಯವರಿಗೆ. "ಮೊಹರು ಒಡೆಯಬಾರದು, ಜೋಪಾನ" ಎಂದು ಹೇಳಿ ಬಂದೆ.

ವಾರಗಳ ಮೇಲೆ ವರದಿ ಬಂತು: ಬಟ್ಟೆಗೆ ಹಾಕುವ ಬಣ್ಣ, ತಿನ್ನಲು ಯೋಗ್ಯವಲ್ಲ. ಊಟ ಬಿಟ್ಟು ಕಾಪುವಿಗೆ ಓಡಿದೆ.

ಗಲ್ಲಾದ ಮೇಲೆ ಬಾಟಲಿ ಇತ್ತು. ಅದಕ್ಕೊಂದು ಮಲ್ಲಿಗೆ ಮಾಲೆ. ಕೆಂಪು ಮೊಹರು, ನನ್ನ ಸಹಿ ಗಿರಾಕಿಗಳ ಕಡೆಗೆ. ಕೆಳಗೆ ರಟ್ಟಿನ ಬೋರ್ಡು: 'ಸರಕಾರಿ ಮೊಹರಿನ ಹಸಿರು ಚಾ.'

"ಉಳಿದ ಸರಕು ಎಲ್ಲಿ? ಎಲ್ಲ ಹೊರಗೆ ತೆಗೆಯಿರಿ" ಎಂದೆ.

"ಎಂತ ಸರಕು? ಬಾಟಲಿ ಇಟ್ಟ ಮೇಲೆ ನಿಲ್ಲಲೇ ಇಲ್ಲ. ಕೊನೆಯ ಎರಡು ಪೊಟ್ಟಣ ಇತ್ತು, ಮೊನ್ನೆ ಮಾರಿಗುಡಿಗೆ ಬಂದಿದ್ದ ನಿಮ್ಮ ಹೆಂಡತಿಯೇ ಕೊಂಡುಹೋದರು. ನಿಮ್ಮ ಸಹಿಯನ್ನು ನೋಡಿದ ಕೂಡಲೇ ಗುರುತು ಹಿಡಿದರು."