ದುಂಬಿಗಳು ಏಳಬೇಕಾದ ತಾರೀಖು

ಕಾಡಿನ ತೊಗಟೆ ದುಂಬಿಗಳು ಪ್ರತಿ ವರ್ಷ ಮಾರ್ಚ್ ಹದಿನೈದರಂದು, ಕಚೇರಿ ವೇಳೆಯಲ್ಲಿ, ಚಳಿಗಾಲದ ನಿದ್ದೆಯಿಂದ ಏಳತಕ್ಕದ್ದು. ಅರಣ್ಯ ಕೀಟ ಮಂಡಳಿಯ ನಿಯಮಾವಳಿಯಲ್ಲಿ ಇದು ಸ್ಪಷ್ಟವಾಗಿದೆ. ನಿಯಮ ಬರೆದ ಕಾಲದಲ್ಲಿ ದುಂಬಿಗಳೂ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದವಂತೆ. ಆಗ ಚಳಿಯೂ ಹಾಗೇ ಇತ್ತು. ಹೊತ್ತಿಗೆ ಸರಿಯಾಗಿ ಬಂದು, ಮೈ ನಡುಗಿಸಿ, ಹೇಳಿದ ದಿನ ಹೊರಡುತ್ತಿತ್ತು.

ಈ ಸಲ ಚಳಿ ಬಂದ ಹಾಗೆ ಮಾಡಿ ಹೋಯಿತು. ಜನವರಿಯಲ್ಲೇ ಜನ ಸ್ವೆಟರ್ ಮಡಿಸಿ ಬೀರುವಿಗೆ ಸೇರಿಸಿದರು. ಫೆಬ್ರುವರಿಯ ಮೊದಲಲ್ಲಿ ಮಂಡಳಿಯ ಕೀಟಾಧಿಕಾರಿ ಊರ ಹಿಂದಿನ ಪೈನ್ ಗುಡ್ಡ ಹತ್ತಿದಾಗ, ಕೆಲವು ಮರಗಳ ಬುಡದಲ್ಲಿ ಯಾರೋ ಕಾಫಿಪುಡಿ ಚೆಲ್ಲಿದ ಹಾಗೆ ಕೆಂಪು ಹೊಟ್ಟು ಉದುರಿತ್ತು. ಚಾಕುವಿನಿಂದ ತೊಗಟೆ ಎಬ್ಬಿಸಿ ನೋಡಿದಳು. ಒಳಗೆ ದುಂಬಿಗಳು ನಿದ್ದೆ ಮುಗಿಸಿ, ಹೊಟ್ಟೆತುಂಬ ಮರ ಕೊರೆದು, ಸಂಸಾರ ಹೂಡಿಬಿಟ್ಟಿದ್ದವು.

ಕಚೇರಿಯಲ್ಲಿ ಎಲ್ಲರೂ ಅವಳನ್ನು ಹುಳದಕ್ಕ ಅನ್ನುತ್ತಿದ್ದರು. ಅವಳಿಗೆ ಅದರಿಂದ ಬೇಸರವಿರಲಿಲ್ಲ. ಆದರೆ ಆ ಗುಡ್ಡದ ಮೇಲೆ ಅವಳ ಜೀವವಿತ್ತು. ಅವಳ ಅಪ್ಪ ಅರಣ್ಯ ರಕ್ಷಕನಾಗಿದ್ದಾಗ ತಾನೇ ನಿಂತು ನೆಡಿಸಿದ ಮರಗಳು ಅವು; ಅವಳು ಫ್ರಾಕು ಹಾಕುತ್ತಿದ್ದ ಕಾಲಕ್ಕೆ ಅವಳ ಮೊಣಕಾಲಿಗೆ ಬರುತ್ತಿದ್ದವು. ಹುಳ ಹತ್ತಿದವನ್ನು ಈಗಲೇ ಕಡಿದು ಗುಡ್ಡದಿಂದಾಚೆ ಸಾಗಿಸಿದರೆ ಉಳಿದವು ಬದುಕುತ್ತವೆ. ತಡವಾದರೆ ದುಂಬಿಗಳ ಮಕ್ಕಳು ಹಾರುತ್ತವೆ. ಸೆಖೆ ಹೀಗೇ ಇದ್ದರೆ ಅದೇ ಬೇಸಿಗೆಯಲ್ಲಿ ಮೊಮ್ಮಕ್ಕಳೂ ಹಾರುತ್ತವೆ. ಅವಳು ದಡದಡ ಇಳಿದು ನೇರ ನಿರ್ದೇಶಕರ ಕೊಠಡಿಗೆ ಹೋದಳು.

ನಿರ್ದೇಶಕರು ತುಂಬ ಸಜ್ಜನರು. ಯಾರಿಗೂ ಇಲ್ಲ ಎಂದವರಲ್ಲ. ಅವರು ಹೌದು ಎಂದದ್ದನ್ನೂ ಯಾರೂ ಕೇಳಿರಲಿಲ್ಲ.

"ಎದ್ದಿವೆ ಅಂತೀರಾ?"

"ಎದ್ದಿವೆ ಸರ್. ಮೊಟ್ಟೇನೂ ಇಟ್ಟಿವೆ."

"ಯಾವ ಆದೇಶದ ಮೇಲೆ?"

"ಸೆಖೆ ಸರ್..."

"ಸೆಖೆಗೆ ಆದೇಶ ಹೊರಡಿಸೋ ಅಧಿಕಾರ ಇಲ್ಲಮ್ಮ." ನಿರ್ದೇಶಕರು ಎದ್ದು ಫ್ಯಾನನ್ನು ಜೋರು ಮಾಡಿ ಬಂದು ಕೂತರು. "ಮಾರ್ಚ್ ಹದಿನೈದರ ತನಕ ಅವು ಮಲಗಿವೆ. ನೀವು ನೋಡಿದ್ದು ನಿದ್ದೆಗಣ್ಣಲ್ಲಿ ಓಡಾಡೋ ಹುಳ."

"ನಿದ್ದೆಗಣ್ಣಲ್ಲಿ ಮರ ತಿಂತಾವಾ ಸರ್?"

"ನಮ್ಮ ಮಾವನೋರು ನಿದ್ದೆಗಣ್ಣಲ್ಲೇ ಡಬ್ಬದಷ್ಟು ಬಿಸ್ಕತ್ತು ಖಾಲಿ ಮಾಡೋರು. ಹಾಗಂತ ನಾವು ಅವರ ಮಂಚ ಕಡಿದ್ವಾ?"

ಆದರೂ ಮಂಡಳಿ ಸುಮ್ಮನೆ ಕೂರಲಿಲ್ಲ. ಮರುದಿನವೇ ಗುಡ್ಡದ ಮರಮರಕ್ಕೂ ಒಂದು ಪ್ರಕಟಣೆ ಅಂಟಿಸಲಾಯಿತು:

"ಈ ಮೂಲಕ ಸಮಸ್ತ ತೊಗಟೆ ದುಂಬಿಗಳಿಗೆ ತಿಳಿಯಪಡಿಸುವುದೇನೆಂದರೆ, ನಿಗದಿತ ದಿನಾಂಕಕ್ಕೆ ಮುಂಚಿತವಾಗಿ ಎಚ್ಚರಗೊಳ್ಳುವುದು, ಹಾರಾಡುವುದು ಹಾಗೂ ಸಂತಾನಾಭಿವೃದ್ಧಿಯಲ್ಲಿ ತೊಡಗುವುದನ್ನು ನಿಷೇಧಿಸಲಾಗಿದೆ. ವರ್ಷಕ್ಕೆ ಒಂದು ಪೀಳಿಗೆಗೆ ಮಾತ್ರ ಮಂಜೂರಾತಿ ಇರುತ್ತದೆ. ಈಗಾಗಲೇ ಎದ್ದಿರುವ ದುಂಬಿಗಳು ಈ ಪ್ರಕಟಣೆಯನ್ನು ಕಂಡ ಕೂಡಲೇ ಮಲಗತಕ್ಕದ್ದು."

ಅಪ್ಪ ಕನ್ನಡಕ ಏರಿಸಿಕೊಂಡು ಓದಿದ. "ಅವಕ್ಕೆ ಓದೋಕೆ ಬರುತ್ತೇನೆ ಪುಟ್ಟಿ?"

"ಓದು ಬರಲ್ಲ ಅನ್ನೋ ನೆಪ ನಡಿಯಲ್ವಂತೆ ಅಪ್ಪ."

ದುಂಬಿಗಳು ಪ್ರಕಟಣೆಗೆ ಅಡ್ಡಿಪಡಿಸಲಿಲ್ಲ. ಅದರ ಹಿಂದಿನ ತೊಗಟೆಯನ್ನು ಮಾತ್ರ ತಿಂದು ಮುಗಿಸಿದವು. ಕಾಗದ ತಾನಾಗಿ ಉದುರಿತು.

ಈ ಹಂತದಲ್ಲಿ ನಿರ್ದೇಶಕರ ಭಾವಮೈದುನ ಊರಿನ ಹಿತದೃಷ್ಟಿಯಿಂದ ಮುಂದೆ ಬಂದರು. ಅವರದೊಂದು ಐಸ್ ಫ್ಯಾಕ್ಟರಿಯಿತ್ತು. ಹುಳ ಏಳುವುದಕ್ಕೆ ಹವೆಯೇ ಕಾರಣ ಎಂದಾದರೆ ಹವೆಯನ್ನೇ ರಿಪೇರಿ ಮಾಡಿಸಬಹುದಲ್ಲ ಎಂದು ಅವರು ಊಟದ ಹೊತ್ತಿಗೆ ಸಲಹೆ ಕೊಟ್ಟರು. ಕೈ ತೊಳೆಯುವಷ್ಟರಲ್ಲಿ "ಚಳಿ ಸರಬರಾಜು ಯೋಜನೆ" ಮಂಜೂರಾಯಿತು. ಐಸ್ ತುಂಬಿದ ಲಾರಿಗಳು ಸಾಲಾಗಿ ಗುಡ್ಡ ಹತ್ತಿದವು. ತುದಿ ಮುಟ್ಟುವಾಗ ಲಾರಿಗಳಲ್ಲಿ ಒದ್ದೆ ಗೋಣಿಚೀಲ ಮಾತ್ರ ಉಳಿದಿರುತ್ತಿತ್ತು. ದಾಖಲೆಯಲ್ಲಿ ಅದನ್ನು "ಕರಗಿದ ರೂಪದ ಚಳಿ" ಎಂದು ನಮೂದಿಸಲಾಯಿತು. ಚಳಿ ಸ್ಥಳಕ್ಕೆ ತಲುಪಿದೆಯೆಂದು ದೃಢಪಡಿಸಲು ಇಬ್ಬರು ನಡುಗುವವರ ನೇಮಕವೂ ಆಯಿತು. ಅವರು ಬೆವರು ಒರೆಸಿಕೊಳ್ಳುತ್ತಾ, ಮೇಲಧಿಕಾರಿಗಳ ಜೀಪು ಕಂಡಾಗಲೆಲ್ಲ ಪ್ರಾಮಾಣಿಕವಾಗಿ ನಡುಗುತ್ತಿದ್ದರು.

ಹುಳದಕ್ಕ ನಿರ್ದೇಶಕರಿಗೆ ಹೇಳಿದಳು, ಅವರ ಮೇಲಿನವರಿಗೂ ಹೇಳಿದಳು. ಕೊನೆಗೆ ಹೇಳುವುದನ್ನು ಬಿಟ್ಟಳು. ಒಂದು ಭಾನುವಾರ ಬೆಳಿಗ್ಗೆ ಅಪ್ಪನನ್ನೂ, ಕೂಲಿಗೆ ಸಿಕ್ಕ ಮರ ಕಡಿಯುವವರನ್ನೂ, ಒಂದು ಟ್ರ್ಯಾಕ್ಟರನ್ನೂ ಕಟ್ಟಿಕೊಂಡು ಗುಡ್ಡದ ಪೂರ್ವದ ಇಳಿಜಾರಿಗೆ ಹೋದಳು. ಹುಳ ಹತ್ತಿದ ಮರಗಳಿಗೆ ಸುಣ್ಣದಲ್ಲಿ ಗುರುತು ಹಾಕುವಾಗ ಅವಳ ಕೈ ನಡುಗಿತು; ಸಂಬಳ ಪಡೆಯದೆ ಆ ಗುಡ್ಡದಲ್ಲಿ ನಡುಗಿದವಳು ಅವಳೊಬ್ಬಳೇ. ತಾನು ನೆಡಿಸಿದ ಮರಕ್ಕೆ ಮೊದಲ ಏಟು ಬಿದ್ದಾಗ ಅಪ್ಪ ಮುಖ ತಿರುಗಿಸಿದ.

"ಬೇಡ ಅನ್ನಿಸಿದ್ರೆ ಹೇಳಿಬಿಡು ಅಪ್ಪ," ಎಂದಳು.

"ನೀನು ಕಡಿಸಮ್ಮ. ನಾನು ಸುಮ್ನೆ ಆ ಕಡೆ ನೋಡ್ತಿದೀನಿ."

ಬೆಳಕಿರುವಷ್ಟು ಹೊತ್ತು ದುಡಿದು ಪೂರ್ವದ ಕಡೆಯನ್ನು ಚೊಕ್ಕ ಮಾಡಿದರು. ಪಶ್ಚಿಮಕ್ಕೆ ಕೈ ಹಾಕುವ ಮೊದಲೇ ಸುದ್ದಿ ಮಂಡಳಿಗೆ ಮುಟ್ಟಿ ಕೆಲಸ ನಿಂತಿತು.

ವಿಚಾರಣೆಯ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ.

"ನೀವು ಕೊಡಲಿ ಹಾಕಿಸಿದ್ರಿ. ಸದ್ದಾಯ್ತು. ಹುಳ ಎದ್ದವು," ಎಂದರು ನಿರ್ದೇಶಕರು.

"ಸರ್, ಅವು ಅದಕ್ಕೂ ಮುಂಚೇನೇ ಎದ್ದಿದ್ವು."

"ಅದಕ್ಕೂ ಮುಂಚೆ ಎದ್ದಿರಲಿಲ್ಲ ಅಂತ ಮಂಡಳಿ ಆಗಲೇ ತೀರ್ಮಾನ ಮಾಡಿದೆಯಲ್ಲಮ್ಮ."

ಸಭೆ ನೆಮ್ಮದಿಯ ಉಸಿರು ಬಿಟ್ಟಿತು. ಹವೆಯ ಮೇಲೆ ಕ್ರಮ ಕೈಗೊಳ್ಳಲು ಮಂಡಳಿಗೆ ಅವಕಾಶವಿರಲಿಲ್ಲ; ಹುಳದಕ್ಕನ ಮೇಲೆ ಧಾರಾಳವಾಗಿತ್ತು. ನಿದ್ರಿಸುತ್ತಿದ್ದ ಕೀಟಗಳ ನೆಮ್ಮದಿಗೆ ಭಂಗ ತಂದ ಆರೋಪ ಸಾಬೀತಾಯಿತು.

ಅಷ್ಟರಲ್ಲಿ ಗುಡ್ಡದ ಪಶ್ಚಿಮದ ಮೈ ಪೂರ್ತಿ ಕಂದಿಹೋಗಿತ್ತು. ಆ ಮರಗಳು ಒಣಗಿಲ್ಲ, ಮಲಗಿವೆ ಎಂದು ಮಂಡಳಿ ಸ್ಪಷ್ಟೀಕರಣ ಕೊಟ್ಟಿತು. ಮಲಗಿದ ಮರಗಳನ್ನು ಗಾಳಿಮಳೆಗೆ ಬಿಡುವುದು ಅಮಾನವೀಯವೆಂದು, ಅವನ್ನು ನೆಮ್ಮದಿಯ ಸ್ಥಳಕ್ಕೆ ಸಾಗಿಸುವ ಗುತ್ತಿಗೆ ಭಾವಮೈದುನರಿಗೇ ಸಿಕ್ಕಿತು. ನೆಮ್ಮದಿಯ ಸ್ಥಳ ಅವರ ಹೊಸ ಸಾಮಿಲ್. ಪೂರ್ವದ ಇಳಿಜಾರು ಹಸಿರಾಗಿಯೇ ಇದ್ದುದು ಚಳಿ ಸರಬರಾಜು ಯೋಜನೆಯ ಯಶಸ್ಸೆಂದು ಪತ್ರಿಕೆಗಳಲ್ಲಿ ಬಂತು.

ಹುಳದಕ್ಕನನ್ನು ಮನೆಗೆ ಕಳಿಸುವಂತಿರಲಿಲ್ಲ. ಮಂಡಳಿಯಲ್ಲಿ ಗುಡ್ಡ ಹತ್ತಬಲ್ಲ ಮಂಡಿಗಳಿದ್ದದ್ದು ಅವಳೊಬ್ಬಳಿಗೇ. ಆದ್ದರಿಂದ ಶಿಕ್ಷೆಯಾಗಿ ಅವಳನ್ನು "ಕೀಟ ನಿದ್ರಾಪಾಲನಾಧಿಕಾರಿ" ಹುದ್ದೆಗೆ ನೇಮಿಸಲಾಯಿತು. ಎಬ್ಬಿಸಿದವಳೇ ಮಲಗಿಸತಕ್ಕದ್ದು.

ರಾಜೀನಾಮೆ ಕೊಡುವ ಮನಸ್ಸಿನಿಂದಲೇ ಅವಳು ಕೊನೆಯ ಸಲ ಎಂದು ಗುಡ್ಡ ಹತ್ತಿದಳು. ಪೂರ್ವದ ಅಂಚಿನ ಒಂದು ಮರದ ಬುಡದಲ್ಲಿ ಹೊಸ ಹೊಟ್ಟು ಕಂಡಿತು. ಒಂದೇ ಮರ. ಅವಳು ರಾಜೀನಾಮೆಯ ಯೋಚನೆಯನ್ನು ಅಲ್ಲೇ ಬಿಟ್ಟು, ಮತ್ತೆ ನಿರ್ದೇಶಕರ ಬಳಿಗೆ ಹೋದಳು.

"ಸರ್, ಎದ್ದವರ ಹಾಸಿಗೆ ಎತ್ತಿಡಬಹುದಾ?"

"ಯಾವ ಹಾಸಿಗೆ?"

"ಹುಳ ಮಲಗಿದ್ದ ಹಾಸಿಗೆ ಸರ್. ತೊಗಟೆ. ಅದಕ್ಕೆ ಅಂಟಿಕೊಂಡಿರೋ ಮರಾನೂ."

ನಿರ್ದೇಶಕರ ಮುಖ ಅರಳಿತು. "ಇದನ್ನ ಮೊದಲೇ ಹೀಗೆ ಕೇಳಬಾರದಿತ್ತೇನಮ್ಮ? ಮರ ಕಡೀತೀನಿ ಅಂದ್ರೆ ಮೇಲಿನೋರು ಬಿಡ್ತಾರಾ? ಹಾಸಿಗೆ ಎತ್ತೋದು ಅಂದ್ರೆ ಬೇಡ ಅನ್ನೋರು ಯಾರು! ಆದ್ರೆ ಸದ್ದಾಗಬಾರದು ನೋಡಿ."

ಅಂದಿನಿಂದ ಗುಡ್ಡದಲ್ಲಿ ಹಾಸಿಗೆ ಎತ್ತುವ ಕೆಲಸ ಕಾಲಕಾಲಕ್ಕೆ ನಡೆಯುತ್ತಿದೆ. ಎಣ್ಣೆ ಹಚ್ಚಿದ ಕೈಗರಗಸದಲ್ಲಿ ಮೆಲ್ಲಗೆ ಕೊಯ್ದು, ಮರ ಬೀಳುವ ಕಡೆ ಹುಲ್ಲು ಹಾಸುತ್ತಾರೆ. ಪೂರ್ವದ ಇಳಿಜಾರು ಉಳಿದಿದೆ. ಗುಡ್ಡದ ಕೆಳಗಿನ ರಸ್ತೆಯನ್ನು ನಿಶ್ಶಬ್ದ ವಲಯವೆಂದು ಘೋಷಿಸಿದ್ದಾರೆ. ಅಲ್ಲಿ ತರಕಾರಿಯವಳು ಬೆಲೆಯನ್ನು ಬೆರಳಲ್ಲಿ ತೋರಿಸುತ್ತಾಳೆ. ಗಂಡಹೆಂಡಿರು ಜಗಳವಾಡಬೇಕಾದರೆ ಮುಂದಿನ ಬೀದಿಗೆ ಹೋಗಿ ಆಡಿ ಬರುತ್ತಾರೆ. ಯಾರಿಗೂ ತೊಂದರೆಯಿಲ್ಲ.

ಮೊನ್ನೆ ಆ ರಸ್ತೆಯಲ್ಲಿ ಒಂದು ಮದುವೆಯ ಮೆರವಣಿಗೆ ಹೋಯಿತು. ಬ್ಯಾಂಡಿನವರು ಕೆನ್ನೆ ಉಬ್ಬಿಸಿ ಊದಿದಂತೆ ಮಾಡಿದರು, ಡೋಲಿನವನು ಕೋಲನ್ನು ಚರ್ಮಕ್ಕೆ ತಾಗಿಸದೆ ಗಾಳಿಯಲ್ಲಿ ಬಾರಿಸಿದ, ನೆಂಟರಿಷ್ಟರು ಬರಿಗಾಲಲ್ಲಿ ಕುಣಿದರು. ಹುಳದಕ್ಕ ಅಪ್ಪನ ಜೊತೆ ರಸ್ತೆಬದಿಯಲ್ಲಿ ನಿಂತು ನೋಡಿದಳು. ಅವಳಿಗರಿವಿಲ್ಲದೆಯೇ ಅವಳ ಕಾಲ ಹೆಬ್ಬೆರಳು ಚಪ್ಪಲಿಯೊಳಗೆ ತಾಳ ಹಾಕುತ್ತಿತ್ತು.

ಅಪ್ಪ ಅವಳ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದ: "ಹೋದ ವರ್ಷದೋರಿಗಿಂತ ಇವರು ಚೆನ್ನಾಗಿ ನುಡಿಸ್ತಾರೆ, ಅಲ್ವಾ?"