ತೂಕಕ್ಕೆ ತಕ್ಕ ಶಕ್ತಿ

ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಕಂಪನಿಯ ಮ್ಯಾನೇಜರು ತಮ್ಮ ತೂಕದ ಅರ್ಧದಷ್ಟನ್ನೂ ಎತ್ತಲಾರರು ಎಂಬ ಆಘಾತಕಾರಿ ಸಂಗತಿ ಸೋಮವಾರ ಬೆಳಿಗ್ಗೆ ಬಯಲಾಯಿತು. ಪ್ರಾಣಹಾನಿ ಸಂಭವಿಸಿಲ್ಲ. ಆಡಳಿತ ವಿಭಾಗದಲ್ಲಿ ಹನ್ನೊಂದು ವರ್ಷ ಕೂತಿರುವ ನನಗೆ ಇಂಥದ್ದು ಹೊಸದಲ್ಲ.

೧. ಸಾಮಾನು ಬಂದದ್ದು

ನಾಲ್ಕನೇ ಮಹಡಿಯಲ್ಲಿ ಸಿಬ್ಬಂದಿಗೆಂದು ಜಿಮ್ ಮಾಡಿದರು. ಲಿಫ್ಟಿನಲ್ಲಿ ಸಾಮಾನು ಸಾಗಿಸಬಾರದೆಂಬ ನಿಯಮವಿದೆ. ಹಾಗಾಗಿ ಅಷ್ಟೂ ಕಬ್ಬಿಣವನ್ನು ಮೆಟ್ಟಿಲು ಹತ್ತಿ ತಂದವನು ಯಾದಗಿರಿ ಕಡೆಯ ಹಮಾಲ. ಗುತ್ತಿಗೆ ಆಳು, ಹೆಬ್ಬಗೋಡಿಯಲ್ಲಿ ಐವರ ಜೊತೆ ಒಂದೇ ಕೋಣೆ. ನಮ್ಮ ಸ್ಟೋರಿನಲ್ಲಿ ಕಾಯಂ ಕೆಲಸಕ್ಕೆ ಅರ್ಜಿ ಹಾಕಿದ್ದ. ಸಿಕ್ಕರೆ ಹೆಂಡತಿ, ಮಗಳನ್ನು ಊರಿನಿಂದ ಕರೆಸಿಕೊಳ್ಳುವವನಿದ್ದ.

“ಇವನ್ನ ಎತ್ತಿ ಎಲ್ಲಿಗೆ ಒಯ್ತಾರ್ರಿ ಸಾಹೇಬ್ರ?”

“ಎಲ್ಲಿಗೂ ಇಲ್ಲಪ್ಪ. ಎತ್ತಿ ಅಲ್ಲೇ ಇಡ್ತಾರೆ.”

ಬೆವರು ಒರೆಸಿಕೊಂಡ. “ಹಂಗಾರ ಕೆಳಗ ಎತ್ತಿದ್ರ ನಡೀತಿರಲಿಲ್ಲೇನ್ರಿ?”

೨. ಭಾಗಾಕಾರ

ಜಿಮ್‌ನ ತರಬೇತುದಾರ ಗೋಡೆಗೆ ಪಟ್ಟಿಯೊಂದನ್ನು ಅಂಟಿಸಿದ. ಎತ್ತಿದ ಭಾರವನ್ನು ಮೈತೂಕದಿಂದ ಭಾಗಿಸಬೇಕು. ಅರ್ಧ ಬಂದರೆ ‘ಬಿಗಿನರ್’, ಎರಡೂವರೆ ಬಂದರೆ ‘ಎಲೀಟ್’. ಅರ್ಧಕ್ಕಿಂತ ಕೆಳಗಿನವರಿಗೆ ಹೆಸರೇ ಇಟ್ಟಿರಲಿಲ್ಲ.

ಮ್ಯಾನೇಜರು ಎತ್ತಿದ್ದು ನಲವತ್ತೈದು ಕೆ.ಜಿ. ಅವರ ತೂಕ ತೊಂಬತ್ತೆರಡು. ಇನ್ನಷ್ಟು ಎತ್ತುವ ಬದಲು ಅವರು ಶೂ ಕಳಚಿದರು. ಬೆಲ್ಟ್, ಎರಡು ಮೊಬೈಲು, ಬೀಗದ ಕೈ ಗೊಂಚಲು, ಕೊನೆಗೆ ಕೊರಳಿನ ಐಡಿ ಕಾರ್ಡು. ಜಿಮ್‌ನ ದೊಡ್ಡ ತೂಕದ ಯಂತ್ರದ ಮುಳ್ಳು ತೊಂಬತ್ತಕ್ಕೆ ಇಳಿಯಿತು.

“ಅರ್ಧ ಆಯ್ತಲ್ಲ, ಬರ್ಕೊಳ್ರೀ!” ಎಂದರು.

ನಿಂತಲ್ಲೇ ನಿಂತು ಶಕ್ತಿ ಹೆಚ್ಚಿಸಿಕೊಂಡವರನ್ನು ಕಂಡದ್ದು ಅದೇ ಮೊದಲು.

೩. ಎಲೀಟ್

ಬೆಂಚು ಇಳಿಸಲು ಬಂದ ಹಮಾಲನನ್ನು ತರಬೇತುದಾರ ತಮಾಷೆಗೆ ಕರೆದ. “ಬಾ ಗುರು, ನೀನೂ ಒಂದು ಕೈ ನೋಡು.”

ನೂರಿಪ್ಪತ್ತು ಕೆ.ಜಿ. ಎತ್ತಿ, ಹಿಡಿದುಕೊಂಡೇ ಕೇಳಿದ: “ಎಲ್ಲಿ ಇಡ್ಲಿರಿ?”

ಅವನ ತೂಕ ನಲವತ್ತೆಂಟು. ತರಬೇತುದಾರ ಎರಡು ಸಲ ಭಾಗಿಸಿ ನೋಡಿ, “ಸಾರ್, ಇವನು ಎಲೀಟ್!” ಎಂದ.

ಮ್ಯಾನೇಜರು ಪಟ್ಟಿ ತೆಗೆಸಿದರು. ಗೋಡೆಯ ಬಣ್ಣ ಹಾಳಾಗುತ್ತದಂತೆ.

೪. ಲಾಯಕ್ಕು

ಕಾಯಂ ಕೆಲಸಕ್ಕೆ ವೈದ್ಯಕೀಯ ಪರೀಕ್ಷೆ ಇತ್ತು. ಮೈತೂಕ ಐವತ್ತು ಕೆ.ಜಿ. ಇರಲೇಬೇಕು. ನಾನೇ ಹೇಳಿಕೊಟ್ಟಂತೆ ಹಮಾಲ ಎಂಟು ಬಾಳೆಹಣ್ಣು ತಿಂದು, ಹೊಟ್ಟೆ ತುಂಬ ನೀರು ಕುಡಿದು ಬಂದ. ನಲವತ್ತೊಂಬತ್ತೂವರೆ.

“ಅರ್ಧ ಕೆ.ಜಿ. ಅಲ್ವಾ ಸಾರ್, ಬಿಟ್ಬಿಡಿ,” ಎಂದೆ.

“ರೂಲ್ಸ್ ಕಣ್ರೀ. ನಾಳೆ ಭಾರ ಎತ್ತುವಾಗ ಬಿದ್ರೆ ಯಾರು ಹೊಣೆ?” ಎಂದರು ಮ್ಯಾನೇಜರು.

ತೂಕದ ಯಂತ್ರ ಸರಿಯಿಲ್ಲವೇನೋ ಎಂದೆ. ಹಾಗಾದರೆ ಜಿಮ್‌ನ ದೊಡ್ಡ ಯಂತ್ರ ತರಿಸಿ ಎಂದರು ಡಾಕ್ಟರು. ನಾಲ್ಕು ಮಹಡಿ ಇಳಿಸಿ ಹೊತ್ತು ತಂದವನು ಹಮಾಲನೇ. ಬೆವರು ಒರೆಸಿಕೊಂಡು ಅದರ ಮೇಲೆ ನಿಂತ. ನಲವತ್ತೊಂಬತ್ತೂಕಾಲು.

ಅರ್ಜಿಯ ಮೇಲೆ ‘ಭಾರದ ಕೆಲಸಕ್ಕೆ ಲಾಯಕ್ಕಿಲ್ಲ’ ಎಂದು ಬರೆದರು. ಯಂತ್ರವನ್ನು ಅವನೇ ವಾಪಸ್ ನಾಲ್ಕನೇ ಮಹಡಿಗೆ ಹೊತ್ತು ಇಟ್ಟುಬಂದ.