ಅಳಿಯನ ತಂತಿ ಮ್ಯಾಲ ಹಸೀ ಅರಿವಿ

ಒಂದ ತಂತಿಗೆ ಎರಡು ಉದ್ದ ಇರ್ತಾವ ಅನ್ನೋ ಮನುಷ್ಯಾಗ ನಾನು ಮಗಳನ್ನ ಕೊಟ್ಟೀನಿ! ನಮ್ಮಣ್ಣನ ಮಗನ ಅಂವ, ಅದಕ್ಕ ಬೈಯಾಕ ನನಗ ಹಕ್ಕೈತಿ. ರಾಣೆಬೆನ್ನೂರಾಗ ಮನಿ, ಕುಮಾರಪಟ್ಟಣದ ಫ್ಯಾಕ್ಟರಿಯೊಳಗ ಕೆಲಸ, ಜೀವ ಮಾತ್ರ ಮಾಳಿಗಿ ಮ್ಯಾಲಿನ ಏರಿಯಲ್ ತಂತಿಯೊಳಗ. ಲೈಸನ್ಸ್ ತಗೊಂಡು ರೇಡಿಯೋದಾಗ ದೇಶದೇಶದ ಮಂದಿ ಜೋಡಿ ಮಾತಾಡೋ ಹುಚ್ಚು. ಜಪಾನಿನವ್ರ ಕೂಡ ತಾಸುಗಟ್ಟಲೆ ಹರಟಿ. ಬಸುರಿ ಹೆಂಡ್ತಿ ಕರದ್ರ ಬರೇ "ಹ್ಞೂಂ"!

ಒಮ್ಮೆ ಬ್ಯಾಡಗಿಯಿಂದ ಹೋಗಿ ನೋಡ್ತೀನಿ, ಅಳತಿ ಮಾಡಿದ ತಂತೀನ ಮತ್ತ ಕತ್ತರಸಾಕತ್ತಾನ.

"ಸರಿ ಇದ್ದದ್ದನ್ನ ಯಾಕ ಕತ್ತರಸ್ತಿ?"

"ಅತ್ತಿ, ಟೇಪಿನ ಉದ್ದ ಬ್ಯಾರೆ, ಕರೆಂಟಿನ ಉದ್ದ ಬ್ಯಾರೆ. ಅಲೆ ಗಾಳಿಯೊಳಗ ಓಡಿದಷ್ಟು ಲಗೂ ತಂತಿಯೊಳಗ ಓಡಂಗಿಲ್ಲ. ಟೇಪಿಗೆ ತುಸು ಗಿಡ್ಡ ಆದ್ರನ ಅಲೆಗೆ ಸರಿ ಹೊಂದತೈತಿ."

"ನಿನ್ನ ಮದುವಿ ಧೋತರಾನೂ ಹಂಗ ಕತ್ತರಸಬೇಕಿತ್ತು!"

ನನಗ ಸುಮ್ಮನ ಕುಂದ್ರೂದು ಗೊತ್ತಿಲ್ಲ. ಸೀರಿ ಒಗದು ಆ ತಂತಿ ಮ್ಯಾಲ ಹಾಕಿದೆ. ಮಾಳಿಗಿ ಕೋಲಿಯೊಳಗ ರೇಡಿಯೋದ ಮುಳ್ಳು ನೋಡ್ತಿದ್ದಂವ ಹೊರಗ ಓಡಿ ಬಂದ!

"ತಂತಿ ಉದ್ದ ಆಗೇತಿ! ಯಾರ ಏನ ಮಾಡಿದ್ರಿ?"

ಟೇಪು ಹಿಡಿದ್ರ ಒಂದು ಬಟ್ಟೂ ಹೆಚ್ಚಿಲ್ಲ! ಕಡೀಕ ನನ್ನ ಸೀರಿ ಕಂಡಿತು.

"ಹಸೀ ಅರಿವಿ ತಾಗಿದ್ರ ಅಲೆ ಇನ್ನೂ ಸಾವಕಾಶ ಆಗ್ತೈತಿ ಅತ್ತಿ. ಕರೆಂಟಿನ ಲೆಕ್ಕಕ್ಕ ತಂತಿ ಬೆಳದಂಗ!"

ಸೀರಿ ತೆಗೆದು ನನ್ನ ಕೈಯಾಗಿಟ್ಟ. ಮರುದಿನ ಅಲ್ಲಿ ಬೋರ್ಡು: "ಬಟ್ಟೆ ಹಾಕಬಾರದು." ಸ್ವಂತ ಸ್ವಾದರತ್ತಿಗೆ ಬೋರ್ಡು!

ಮುಂದ ಮಗಳು ಬ್ಯಾಡಗಿಗೆ ಬಂದು ಹಡದಳು. ಹೆಣ್ಣು ಕೂಸು, ಥೇಟ್ ನನ್ನ ಮೂಗು! ನನ್ನ ಕಾಲು ನೆಲದ ಮ್ಯಾಲ ನಿಲ್ಲಲಿಲ್ಲ. ಆದ್ರ ಎದಿಯೊಳಗ ಒಂದ ಅಳುಕು: ಒಂದು ಸೀರಿಗೆ ಜಾಗ ಕೊಡದವ ಈ ಕೂಸಿಗೆ ಎಷ್ಟು ಜಾಗ ಕೊಟ್ಟಾನು?

ಐದನೇ ತಿಂಗಳು ತೊಟ್ಟಿಲ ಸಮೇತ ತಾಯಿ-ಮಗಳನ್ನ ರಾಣೆಬೆನ್ನೂರಿಗೆ ಕರಕೊಂಡು ಹೋದೆ. ಬಸ್ಸಿನ್ಯಾಗ ಕುಂತಲ್ಲಿ ಕುಂದರಲಿಲ್ಲ ನಾ. ಮರುದಿನ ಕೂಸಿನ ಅರಿವಿ ಒಗದಿಟ್ಟು, ಎಲ್ಲಿ ಒಣಗಿಸ್ಲಿ ಅಂತ ಹಿತ್ತಲ ನೋಡಿ ಬರೂದ್ರೊಳಗ ಬಕೀಟ ಇಲ್ಲ! ದಡದಡ ಮಾಳಿಗಿ ಹತ್ತಿದೆ.

ಬೋರ್ಡು ಮಾಯ! ಅಳಿಯ ಬಾಯಾಗ ಚಿಮಟಿಗಿ ಕಚ್ಚಿಕೊಂಡು ಲಂಗೋಟಿ, ಕುಂಚಗಿ ಒಂದೊಂದ ತಂತಿ ಮ್ಯಾಲ ಹಾಕಾಕತ್ತಿದ್ದ.

"ತಂತಿ ಬೆಳಿಯೂದಿಲ್ಲೇನೋ?"

"ಬೆಳೀತೈತಿ. ಅದಕ್ಕ ನಿನ್ನೆನ ಹಸೀ ಅರಿವಿ ಹಾಕ್ಕೊಂತ ಅಳತಿ ಹಿಡದು, ಇನ್ನೂ ಗಿಡ್ಡ ಕತ್ತರಿಸೇನಿ."

"ಒಣಗಿದ ಮ್ಯಾಲ?"

"ನಿಮ್ಮ ಮೊಮ್ಮಗಳು ಒಣಗಾಕ ಬಿಟ್ರಲ್ಲ, ಅತ್ತಿ!"

ಅಷ್ಟ್ರಾಗ ಕೆಳಗ ಕೂಸು ಅತ್ತಿತು. ನಾ ತಿರುಗೂದ್ರಾಗ ಅಂವ ಮೆಟ್ಟಲ ಹಾರಿ ಇಳದಾಗಿತ್ತು. ಕೋಲಿಯೊಳಗ ರೇಡಿಯೋದಾಗ ಯಾರೋ ಅವನ್ನ ಕರದ ಕರೀತಿದ್ರು. ಯಾವ ದೇಶದವರೋ ಪಾಪ! ಕಣ್ಣೊರಸಿಕೊಂಡು, ನಾನ "ಹ್ಞೂಂ" ಅಂದೆ.